ಜಗಜಟ್ಟಿ ಯಾರು?

ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯಲ್ಲಿ ೧೯೭೪ನೆಯ ಇಸವಿಯವರೆಗೂ ಒಂದು ಭೋಜನಶಾಲೆಯಿತ್ತು. ಅದರ ಒಡೆಯ ಜಾಕ್ ಡೆಂಪ್ಸಿ. ೧೯೧೯ರಿಂದ ೧೯೨೬ರವರೆಗೆ ಮುಷ್ಟಿಯುದ್ಧದ ಹೆವಿವೇಟ್ ಪಟ್ಟವನ್ನು ಧರಿಸಿದ್ದ ಆ ಜಟ್ಟಿ, ವಯಸ್ಸಾದ ಮೇಲೆ ಅಲ್ಲಿಯ ಕಿಟಕಿಯ ಬಳಿ ಕುಳಿತು, ಬಂದವರ ಕೈಕುಲುಕುತ್ತ, ಕೇಳಿದವರಿಗೆ ಹಸ್ತಾಕ್ಷರ ನೀಡುತ್ತ ಕಾಲ ಕಳೆಯುತ್ತಿದ್ದ. ಅಂತಹ ಸ್ಥಳದಲ್ಲಿ ಯಾವ ಮಾತು ಏಳುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ಡೆಂಪ್ಸಿ ತನ್ನ ಪ್ರಾಯದಲ್ಲಿ ಜೋ ಲೂಯಿಸನನ್ನು ಎದುರಿಸಿದ್ದರೆ ಗೆಲುವು ಯಾರದು? ಲೂಯಿಸನ ಮುಂದೆ ಮುಹಮ್ಮದ್ ಅಲಿ ನಿಂತಿದ್ದರೆ? ಅಲಿಯ ಮುಂದೆ ರಾಕಿ ಮಾರ್ಸಿಯಾನೋ? ಅಮೆರಿಕದ ಕ್ಷೌರದಂಗಡಿಗಳಲ್ಲಿ, ಪಾನಗೃಹಗಳಲ್ಲಿ, ಗರಡಿಮನೆಗಳ ಬೆಂಚುಗಳ ಮೇಲೆ ನೂರು ವರ್ಷಗಳಿಗೂ ಮಿಕ್ಕಿ ನಡೆದುಬಂದಿರುವ ವಾದವಿದು. ವಾದಿಗಳು ಬದಲಾದರು, ಹೆಸರುಗಳು ಬದಲಾದವು, ವಾದ ಮಾತ್ರ ತೀರಲಿಲ್ಲ.

ಮುಷ್ಟಿಯುದ್ಧದಲ್ಲಿ ದೇಹದ ತೂಕಕ್ಕೆ ಅನುಸಾರವಾಗಿ ಹಲವು ವರ್ಗಗಳಿವೆ. ಪ್ರತಿಯೊಂದು ವರ್ಗಕ್ಕೂ ಇಷ್ಟನ್ನು ಮೀರಬಾರದೆಂಬ ಕಟ್ಟಳೆಯುಂಟು. ಹೆವಿವೇಟ್ ವರ್ಗಕ್ಕೆ ಮಾತ್ರ ಮೇಲಿನ ಮಿತಿಯೆಂಬುದಿಲ್ಲ. ಆದಕಾರಣ ಈ ವರ್ಗದಲ್ಲಿ ಗೆದ್ದವನು ಭೂಮಿಯ ಮೇಲಿನ ಎಲ್ಲರನ್ನೂ ಗೆದ್ದವನೆಂಬ ಭಾವನೆ ಜನರಲ್ಲಿ ಬೇರೂರಿತು. ಬೇರೆ ಆಟಗಳಲ್ಲಿ ಹಲವರು ಒಟ್ಟಾಗಿ ಗೆಲ್ಲುತ್ತಾರೆ, ಒಟ್ಟಾಗಿ ಸೋಲುತ್ತಾರೆ. ಇಲ್ಲಿ ನಾಲ್ಕು ಹಗ್ಗಗಳ ನಡುವೆ ನಿಂತವನಿಗೆ ನೆರವಿಗೆ ಬರುವವರು ಯಾರೂ ಇಲ್ಲ. ಇಂತಹ ಪಟ್ಟವನ್ನು ವರ್ಷಗಟ್ಟಲೆ ಬಿಟ್ಟುಕೊಡದೆ ಆಳಿದವರನ್ನು ಕುರಿತು ಅಭಿಮಾನಿಗಳು ಜಗಳವಾಡದಿದ್ದರೇ ಆಶ್ಚರ್ಯ.

ವಾದದಲ್ಲಿ ಮೊದಲು ಮಾತೆತ್ತುವವರು ಸಾಮಾನ್ಯವಾಗಿ ಲೂಯಿಸನ ಪಕ್ಷದವರು. ಅವರ ಕೈಯಲ್ಲಿ ಒಂದು ಭಾರವಾದ ಸಂಖ್ಯೆಯಿದೆ. ೧೯೩೭ರ ಜೂನ್ ೨೨ರಂದು ಷಿಕಾಗೋ ನಗರದಲ್ಲಿ ಜೇಮ್ಸ್ ಬ್ರಾಡಕ್‌ನನ್ನು ಎಂಟನೆಯ ಸುತ್ತಿನಲ್ಲಿ ಉರುಳಿಸಿ ಪಟ್ಟಕ್ಕೆ ಬಂದ ಜೋ ಲೂಯಿಸ್, ೧೯೪೯ರ ಮಾರ್ಚ್‌ನಲ್ಲಿ ತಾನಾಗಿ ಅದನ್ನು ತ್ಯಜಿಸುವವರೆಗೆ ಹನ್ನೊಂದು ವರ್ಷ ಎಂಟು ತಿಂಗಳ ಕಾಲ ಅದನ್ನು ಉಳಿಸಿಕೊಂಡ. ಆ ಅವಧಿಯಲ್ಲಿ ಇಪ್ಪತ್ತೈದು ಬಾರಿ ಪಟ್ಟವನ್ನು ಪಣಕ್ಕಿಟ್ಟು ಇಪ್ಪತ್ತೈದು ಬಾರಿಯೂ ಗೆದ್ದ. ಹೆವಿವೇಟ್ ವರ್ಗದಲ್ಲಿ ಈ ದಾಖಲೆಯನ್ನು ಇಂದಿನವರೆಗೆ ಯಾರೂ ಮುರಿದಿಲ್ಲ. ಎದುರಾಳಿಗಳು ದುರ್ಬಲರಾಗಿದ್ದರು ಎಂಬ ಆಕ್ಷೇಪ ಆಗಲೇ ಹುಟ್ಟಿತ್ತು. ೧೯೪೦ರ ಕೊನೆಯಿಂದ ೧೯೪೧ರ ನಡುವಿನವರೆಗೆ ಆತ ಹೆಚ್ಚುಕಡಿಮೆ ತಿಂಗಳಿಗೊಬ್ಬನಂತೆ ಹೊಡೆದು ಕೆಡವುತ್ತ ಹೋದಾಗ, ತಿಂಗಳಿಗೊಬ್ಬ ನಿಷ್ಪ್ರಯೋಜಕ ಎಂದು ಪತ್ರಿಕೆಯವರು ಕುಚೋದ್ಯ ಮಾಡಿದರು. ತಿಂಗಳಿಗೊಮ್ಮೆ ಪಟ್ಟವನ್ನು ಪಣಕ್ಕಿಡುವ ಧೈರ್ಯ ಮುಂದೆ ಯಾವ ಚಾಂಪಿಯನ್ನನಿಗೂ ಬರಲಿಲ್ಲವೆಂಬುದು ಆ ಕುಚೋದ್ಯಕ್ಕೆ ಸಾಕಾದ ಉತ್ತರ.

ಆ ಸರಣಿಯ ಕೊನೆಯಲ್ಲಿ ಬಂದವನು ಬಿಲ್ಲಿ ಕಾನ್. ಲೂಯಿಸನಿಗಿಂತ ಹತ್ತು ಕಿಲೋಗ್ರಾಮಿಗೂ ಹೆಚ್ಚು ಹಗುರಾಗಿದ್ದ, ಚುರುಕು ಕಾಲಿನ ತರುಣ. ೧೯೪೧ರ ಜೂನ್ ೧೮ರಂದು ಹನ್ನೆರಡು ಸುತ್ತುಗಳು ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದಿದ್ದ. ಇನ್ನು ಮೂರು ಸುತ್ತು ತಪ್ಪಿಸಿಕೊಂಡು ಓಡಾಡಿದ್ದರೆ ಪಟ್ಟ ಅವನದಾಗುತ್ತಿತ್ತು. ಆದರೆ ಪ್ರಾಯದ ಹುಮ್ಮಸ್ಸಿನಲ್ಲಿ ಲೂಯಿಸನನ್ನು ಹೊಡೆದು ಕೆಡವಿಯೇ ಗೆಲ್ಲುತ್ತೇನೆಂದು ಮೇಲೆ ಬಿದ್ದ. ಹದಿಮೂರನೆಯ ಸುತ್ತು ಮುಗಿಯಲು ಎರಡು ಕ್ಷಣಗಳಿವೆ ಎನ್ನುವಾಗ ನೆಲದ ಮೇಲಿದ್ದ. ಲೂಯಿಸನ ವಿರೋಧಿಗಳು ಅವನ ದೌರ್ಬಲ್ಯಕ್ಕೂ ಅಭಿಮಾನಿಗಳು ಅವನ ಶ್ರೇಷ್ಠತೆಗೂ ಇದೇ ಪಂದ್ಯವನ್ನು ಸಾಕ್ಷಿಯಾಗಿ ಕರೆಯುತ್ತಾರೆ.

ಸಂಖ್ಯೆಯಲ್ಲಿ ಹಿಡಿಯಲಾಗದ ಒಂದು ಸಂಗತಿಯೂ ಲೂಯಿಸನ ಪಕ್ಷದಲ್ಲಿದೆ. ೧೯೩೬ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್ ಅವನನ್ನು ಹನ್ನೆರಡನೆಯ ಸುತ್ತಿನಲ್ಲಿ ಸೋಲಿಸಿದ್ದ. ಹಿಟ್ಲರನ ಆಡಳಿತ ಆ ಗೆಲುವನ್ನು ತನ್ನ ಜನಾಂಗವಾದದ ಗೆಲುವೆಂದು ಡಂಗುರ ಹೊಡೆಯಿತು. ೧೯೩೮ರ ಜೂನ್ ೨೨ರಂದು ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಎಪ್ಪತ್ತು ಸಾವಿರ ಜನರ ಮುಂದೆ ಇಬ್ಬರೂ ಮತ್ತೆ ಎದುರಾದರು. ಎರಡು ನಿಮಿಷ ನಾಲ್ಕು ಸೆಕೆಂಡುಗಳಲ್ಲಿ ಎಲ್ಲವೂ ಮುಗಿದುಹೋಯಿತು. ಹಾರ್ಲೆಮ್‌ನ ಕರಿಯ ಜನ ಆ ರಾತ್ರಿ ಬೀದಿಗಿಳಿದು ಕುಣಿದರು. ತಮ್ಮದೇ ದೇಶದ ಎಷ್ಟೋ ಹೋಟೆಲುಗಳಿಗೂ ಶಾಲೆಗಳಿಗೂ ಪ್ರವೇಶವಿಲ್ಲದ ಜನ ಅವರು. ಷ್ಮೆಲಿಂಗ್ ನಾತ್ಸಿ ಪಕ್ಷದ ಸದಸ್ಯನಾಗಿರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಯೆಹೂದ್ಯರ ಮೇಲೆ ಹಲ್ಲೆ ನಡೆದಾಗ ಇಬ್ಬರು ಯೆಹೂದ್ಯ ಬಾಲಕರನ್ನು ತನ್ನ ಕೋಣೆಯಲ್ಲಿ ಅಡಗಿಸಿ ಕಾಪಾಡಿದ. ಯುದ್ಧದ ತರುವಾಯ ಅವನೂ ಲೂಯಿಸನೂ ಸ್ನೇಹಿತರಾದರು.

ಲೂಯಿಸನಿಗೆ ಆತನ ಹಿತಚಿಂತಕರು ಕೆಲವು ಕಟ್ಟುಪಾಡುಗಳನ್ನು ವಿಧಿಸಿದ್ದರು. ಬಿದ್ದ ಎದುರಾಳಿಯ ಮುಂದೆ ನಗಬಾರದು. ಬಿಳಿಯ ಹೆಂಗಸರ ಜೊತೆ ಚಿತ್ರ ತೆಗೆಸಿಕೊಳ್ಳಬಾರದು. ಗೆದ್ದವನು ನಗಬಾರದೆಂಬ ಕಟ್ಟಳೆ ವಿಚಿತ್ರವೆನಿಸೀತು. ಅದಕ್ಕೆ ಕಾರಣ ಲೂಯಿಸನಿಗಿಂತ ಮೊದಲು ಆ ಪಟ್ಟಕ್ಕೇರಿದ್ದ ಒಬ್ಬನೇ ಒಬ್ಬ ಕರಿಯ ಜಟ್ಟಿಯ ಕಥೆಯಲ್ಲಿದೆ. ಆ ಕಥೆ ಮುಂದೆ ಬರುತ್ತದೆ.

ಲೂಯಿಸನ ಇಪ್ಪತ್ತೈದಕ್ಕೆ ಪ್ರತಿಯಾಗಿ ಮಾರ್ಸಿಯಾನೋನ ಪಕ್ಷದವರು ಮುಂದಿಡುವುದು ಒಂದು ಸೊನ್ನೆ. ನಲವತ್ತೊಂಬತ್ತು ಪಂದ್ಯ, ನಲವತ್ತೊಂಬತ್ತು ಗೆಲುವು, ಸೋಲು ಸೊನ್ನೆ. ಅವುಗಳಲ್ಲಿ ನಲವತ್ತಮೂರು ಪಂದ್ಯಗಳು ಪೂರ್ತಿ ಸುತ್ತುಗಳನ್ನು ಕಾಣಲಿಲ್ಲ. ಮ್ಯಾಸಚೂಸೆಟ್ಸ್ ಪ್ರಾಂತದ ಬ್ರಾಕ್ಟನ್ ಎಂಬ ಪಾದರಕ್ಷೆಗಳ ಊರಿನಲ್ಲಿ ಇಟಲಿಯಿಂದ ಬಂದ ಕಾರ್ಮಿಕನೊಬ್ಬನ ಮಗನಾಗಿ ಹುಟ್ಟಿದ ಮಾರ್ಸಿಯಾನೋ ನೋಟಕ್ಕೆ ಮಹಾಮಲ್ಲನೇನೂ ಅಲ್ಲ. ಎತ್ತರ ಆರಡಿಗೆ ಕಡಮೆ, ತೂಕ ಸುಮಾರು ೮೪ ಕಿಲೋಗ್ರಾಂ, ತೋಳುಗಳು ಮೋಟು. ಕಾಲಿನ ಚಲನೆ ಒಡ್ಡೊಡ್ಡು. ಅವನನ್ನು ತಿದ್ದಿದ ಚಾರ್ಲಿ ಗೋಲ್ಡ್‌ಮನ್ ಎಂಬ ಕುಳ್ಳ ಗುರು, ಈ ಕೊರತೆಗಳನ್ನು ಮುಚ್ಚಲು ಹೋಗದೆ, ಇನ್ನಷ್ಟು ಬಾಗಿ ನಿಲ್ಲುವುದನ್ನು ಕಲಿಸಿದ. ೧೯೫೨ರ ಸೆಪ್ಟೆಂಬರ್ ೨೩ರಂದು ಫಿಲಡೆಲ್ಫಿಯಾದಲ್ಲಿ ಜೆರ್ಸಿ ಜೋ ವಾಲ್‌ಕಾಟನ ಎದುರು ಮಾರ್ಸಿಯಾನೋ ಮೊದಲ ಸುತ್ತಿನಲ್ಲೇ ನೆಲ ಕಂಡ. ಹನ್ನೆರಡು ಸುತ್ತುಗಳ ಬಳಿಕ ಎಲ್ಲ ತೀರ್ಪುಗಾರರ ಲೆಕ್ಕದಲ್ಲೂ ಹಿಂದಿದ್ದ. ಹದಿಮೂರನೆಯ ಸುತ್ತಿನಲ್ಲಿ ಅವನ ಬಲಗೈ ಒಂದೇ ಒಂದು ಮೊಳದಷ್ಟು ದೂರ ಚಲಿಸಿತು. ವಾಲ್‌ಕಾಟ್ ಹಗ್ಗಕ್ಕೆ ಒರಗಿ ಹಾಗೆಯೇ ಕುಸಿದ.

ಸೊನ್ನೆಯ ಬೆಲೆಯನ್ನು ಪ್ರಶ್ನಿಸುವವರೂ ಇದ್ದಾರೆ. ವಾಲ್‌ಕಾಟನಿಗೆ ಆಗ ಮೂವತ್ತೆಂಟು ವರ್ಷ. ಕೊನೆಯ ಪಂದ್ಯದಲ್ಲಿ ಎದುರಾದ ಆರ್ಚಿ ಮೂರ್ ನಲವತ್ತರ ಆಸುಪಾಸಿನಲ್ಲಿದ್ದ. ಎಜ಼ರ್ಡ್ ಚಾರ್ಲ್ಸ್ ತನ್ನ ಉತ್ತಮ ದಿನಗಳನ್ನು ದಾಟಿದ್ದ. ಇನ್ನು ಜೋ ಲೂಯಿಸನ ವಿಷಯವನ್ನಂತೂ ಹೇಳುವುದೇ ಬೇಡ.

ಆದರೂ ಹೇಳಬೇಕಾಗಿದೆ. ಈ ವಾದದಲ್ಲಿ ಬರುವ ಎರಡು ಮಹಾನಾಮಗಳು ನಿಜವಾಗಿಯೂ ಎದುರುಬದುರಾದದ್ದು ಅಪರೂಪ. ಹಾಗೆ ಎದುರಾದದ್ದರಿಂದ ಏನೂ ತೀರ್ಮಾನವಾಗಲಿಲ್ಲವೆಂಬುದಕ್ಕೆ ೧೯೫೧ರ ಅಕ್ಟೋಬರ್ ೨೬ರ ರಾತ್ರಿಯೇ ನಿದರ್ಶನ. ಲೂಯಿಸ್ ನಿವೃತ್ತನಾಗಿದ್ದವನು ಮರಳಿ ಕಣಕ್ಕಿಳಿದದ್ದು ಕೀರ್ತಿಯ ಆಸೆಯಿಂದಲ್ಲ, ಸಾಲದ ಹೊರೆಯಿಂದ. ೧೯೪೨ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆಯ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟು ತಾನೂ ಸೈನ್ಯಕ್ಕೆ ಸೇರಿದ್ದ. ಸರ್ಕಾರದ ತೆರಿಗೆ ಇಲಾಖೆ ದಾನ ಕೊಟ್ಟ ಹಣಕ್ಕೂ ತೆರಿಗೆ ಕೇಳಿತು. ಹಳೆಯ ಬಾಕಿ ಬಡ್ಡಿಯೊಡನೆ ಬೆಳೆದು ಕಡೆಗೆ ಹತ್ತು ಲಕ್ಷ ಡಾಲರನ್ನೂ ಮೀರಿತು. ಮೂವತ್ತೇಳು ವರ್ಷದ ಲೂಯಿಸನ ಮುಂದೆ ಇಪ್ಪತ್ತೆಂಟರ ಮಾರ್ಸಿಯಾನೋ. ಎಂಟನೆಯ ಸುತ್ತಿನಲ್ಲಿ ಲೂಯಿಸ್ ಹಗ್ಗಗಳ ನಡುವಿನಿಂದ ಹೊರಕ್ಕೆ ಉರುಳಿದ. ಪಂದ್ಯದ ತರುವಾಯ ಲೂಯಿಸನ ಕೋಣೆಗೆ ಹೋದ ಮಾರ್ಸಿಯಾನೋ ಅತ್ತನೆಂದು ಹೇಳುತ್ತಾರೆ; ಬಾಲ್ಯದಿಂದ ಲೂಯಿಸನನ್ನೇ ಆರಾಧಿಸುತ್ತಿದ್ದವನು ಅವನು. ಮಾರ್ಸಿಯಾನೋನ ಅಭಿಮಾನಿಗಳಲ್ಲಿ ಕೂಡ ಈ ಗೆಲುವನ್ನು ಮುಂದೊಡ್ಡಿ ವಾದಿಸುವವರು ಕಡಮೆ.

ಮೂರನೆಯ ಪಕ್ಷ ಅಲಿಯದು. ಇದರಲ್ಲಿ ಸದ್ದು ಹೆಚ್ಚು, ಅದಕ್ಕೆ ಅಲಿಯೇ ಕಾರಣ. ತಾನೇ ಎಲ್ಲರಿಗಿಂತ ಮಿಗಿಲೆಂದು ಕಣಕ್ಕಿಳಿಯುವ ಮೊದಲೇ ಸಾರಿದವನಿಗೆ ಬೇರೆ ಹೊಗಳುಭಟರು ಬೇಕಿರಲಿಲ್ಲ. ಕೆಂಟಕಿ ಪ್ರಾಂತದ ಲೂಯಿವಿಲ್‌ನಲ್ಲಿ ೧೯೪೨ರಲ್ಲಿ ಕಾಸಿಯಸ್ ಕ್ಲೇ ಎಂಬ ಹೆಸರಿನಿಂದ ಹುಟ್ಟಿ, ೧೯೬೦ರ ರೋಮ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು, ೧೯೬೪ರ ಫೆಬ್ರವರಿಯಲ್ಲಿ ಸನ್ನಿ ಲಿಸ್ಟನ್ ಎಂಬ ಭಯಂಕರನನ್ನು ಪೀಠದಿಂದ ಮೇಲೇಳದಂತೆ ಮಾಡಿ ಪಟ್ಟ ಹಿಡಿದ. ಅಷ್ಟು ದೊಡ್ಡ ಮೈಯ ಮನುಷ್ಯ ಅಷ್ಟು ಹಗುರಾಗಿ ಹೆಜ್ಜೆಯಿಡುವುದನ್ನು ಜನ ಅಲ್ಲಿಯವರೆಗೆ ಕಂಡಿರಲಿಲ್ಲ. ಆದರೆ ಆ ಹೆಜ್ಜೆಗಳ ಅತ್ಯುತ್ತಮ ವರ್ಷಗಳನ್ನು ಯಾರೂ ನೋಡಲಿಲ್ಲ. ೧೯೬೭ರ ಏಪ್ರಿಲ್‌ನಲ್ಲಿ ವಿಯೆಟ್ನಾಂ ಯುದ್ಧಕ್ಕಾಗಿ ಸೈನ್ಯಕ್ಕೆ ಸೇರಲು ಆತ ಒಪ್ಪಲಿಲ್ಲ. ಪಟ್ಟವನ್ನು ಕಿತ್ತುಕೊಂಡರು, ಪಂದ್ಯವಾಡುವ ಪರವಾನಗಿಯನ್ನು ರದ್ದುಮಾಡಿದರು, ನ್ಯಾಯಾಲಯ ಐದು ವರ್ಷದ ಸೆರೆವಾಸ ವಿಧಿಸಿತು. ಇಪ್ಪತ್ತೈದರಿಂದ ಇಪ್ಪತ್ತೆಂಟರ ವಯಸ್ಸಿನವರೆಗೆ ಮೂರೂವರೆ ವರ್ಷ ಆತ ಒಂದು ಪಂದ್ಯವನ್ನೂ ಆಡಲಿಲ್ಲ. ೧೯೭೧ರ ಜೂನ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಶಿಕ್ಷೆಯನ್ನು ತಳ್ಳಿಹಾಕಿತು. ಹೋದ ವರ್ಷಗಳನ್ನು ಹಿಂದಿರುಗಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲವಷ್ಟೆ.

ಮರಳಿ ಬಂದ ಅಲಿಯ ಪಂದ್ಯಗಳಲ್ಲಿ ಅಭಿಮಾನಿಗಳ ತರ್ಕವನ್ನೆಲ್ಲ ತಲೆಕೆಳಗು ಮಾಡುವ ಒಂದು ಪ್ರಸಂಗವಿದೆ. ಜೋ ಫ್ರೇಜ಼ರ್ ೧೯೭೧ರಲ್ಲಿ ಅಲಿಯನ್ನು ಸೋಲಿಸಿದ. ಕೆನ್ ನಾರ್ಟನ್ ೧೯೭೩ರಲ್ಲಿ ಅಲಿಯ ದವಡೆ ಮುರಿದು ಸೋಲಿಸಿದ. ಜಾರ್ಜ್ ಫೋರ್‌ಮನ್ ಎಂಬ ದೈತ್ಯ ೧೯೭೩ರಲ್ಲಿ ಫ್ರೇಜ಼ರನನ್ನು ಆರು ಬಾರಿ ನೆಲಕ್ಕೆ ಕೆಡವಿ ಎರಡನೆಯ ಸುತ್ತಿನಲ್ಲಿ ಮುಗಿಸಿದ. ೧೯೭೪ರ ಮಾರ್ಚ್‌ನಲ್ಲಿ ನಾರ್ಟನನಿಗೂ ಎರಡನೆಯ ಸುತ್ತಿನಲ್ಲೇ ಅದೇ ಗತಿ ಕಾಣಿಸಿದ. ಗಣಿತ ಬಲ್ಲ ವಿದ್ಯಾರ್ಥಿ ಏನು ಹೇಳಬೇಕು? ಅಲಿಗಿಂತ ಫ್ರೇಜ಼ರನೂ ನಾರ್ಟನನೂ ಹೆಚ್ಚು, ಅವರಿಬ್ಬರಿಗಿಂತ ಫೋರ್‌ಮನ್ ಬಹುಪಾಲು ಹೆಚ್ಚು. ಆದುದರಿಂದ ಅಲಿ ಫೋರ್‌ಮನ್‌ನ ಮುಂದೆ ನಿಲ್ಲಲಾರ. ೧೯೭೪ರ ಅಕ್ಟೋಬರ್ ೩೦ರ ಬೆಳಗಿನ ಜಾವ ಆಫ್ರಿಕದ ಕಿನ್ಷಾಸಾ ನಗರದಲ್ಲಿ ಇಬ್ಬರೂ ಎದುರಾದಾಗ ಹೆಚ್ಚಿನವರ ಅಂದಾಜೂ ಇದೇ ಆಗಿತ್ತು. ಅಲಿ ಕುಣಿಯಲಿಲ್ಲ. ಹಗ್ಗಕ್ಕೆ ಬೆನ್ನು ಕೊಟ್ಟು, ಮೊಣಕೈಗಳಿಂದ ಪಕ್ಕೆಗಳನ್ನೂ ಮುಷ್ಟಿಗಳಿಂದ ಮುಖವನ್ನೂ ಮರೆಮಾಡಿ, ಹೊಡೆಯಲು ಬಿಟ್ಟ. ಏಳು ಸುತ್ತು ಹೊಡೆದು ಹೊಡೆದು ಫೋರ್‌ಮನ್‌ನ ತೋಳುಗಳು ಸೋತವು. ಎಂಟನೆಯ ಸುತ್ತಿನ ಕೊನೆಯಲ್ಲಿ ಅಲಿ ಅವನನ್ನು ಕೆಡವಿದ. ಮುಷ್ಟಿಯುದ್ಧದಲ್ಲಿ ಶಕ್ತಿಯೆಂಬುದು ತಕ್ಕಡಿಯಲ್ಲಿ ತೂಗಿಡುವ ಪದಾರ್ಥವಲ್ಲ. ಎದುರಿಗೆ ಯಾರು ನಿಂತಿದ್ದಾರೆಂಬುದರ ಮೇಲೆ ಅದರ ತೂಕ ಏರಿಳಿಯುತ್ತದೆ. ಹೀಗಿರುವಾಗ ಎಂದೂ ಎದುರಾಗದವರ ಬಲಾಬಲವನ್ನು ನಿರ್ಣಯಿಸುವ ಮಾತೆಲ್ಲಿ?

ಆದರೂ ಒಬ್ಬ ಮನುಷ್ಯ ಅದನ್ನು ಯಂತ್ರದಿಂದ ನಿರ್ಣಯಿಸಲು ಹೊರಟ. ೧೯೬೭ರಲ್ಲಿ ಮಿಯಾಮಿ ನಗರದ ರೇಡಿಯೋ ನಿರ್ಮಾಪಕ ಮರ್ರಿ ವೊರೋನರ್, ಅಂದಿನವರೆಗಿನ ಹದಿನಾರು ಮಂದಿ ಚಾಂಪಿಯನ್ನರನ್ನು ಆರಿಸಿ, ತಜ್ಞರಿಂದ ಅವರ ವೇಗ, ಪೆಟ್ಟಿನ ಬಲ, ಸಹನೆ ಮೊದಲಾದವುಗಳಿಗೆ ಅಂಕಗಳನ್ನು ಪಡೆದು, ಆ ಅಂಕಗಳನ್ನು ಗಣಕಯಂತ್ರಕ್ಕೆ ಉಣಿಸಿದ. ಯಂತ್ರ ಹೇಳಿದ ಪಂದ್ಯಗಳನ್ನು ರೇಡಿಯೋದಲ್ಲಿ ವೀಕ್ಷಕ ವಿವರಣೆಯಂತೆ ಬಿತ್ತರಿಸಿದರು. ಕಡೆಯಲ್ಲಿ ಗೆದ್ದವನು ಮಾರ್ಸಿಯಾನೋ. ಅಲಿಯನ್ನು ಯಂತ್ರವು ಜಿಮ್ ಜೆಫ್ರೀಸ್ ಎಂಬ ಹಳೆಯ ಕಾಲದ ಜಟ್ಟಿಯ ಕೈಯಲ್ಲಿ ಸೋಲಿಸಿತ್ತು. ಮಾನಹಾನಿಯಾಯಿತೆಂದು ಅಲಿ ಹತ್ತು ಲಕ್ಷ ಡಾಲರಿಗೆ ದಾವೆ ಹೂಡಿದ. ರಾಜಿಯಾಗಿ, ಅಲಿಯನ್ನೂ ಮಾರ್ಸಿಯಾನೋನನ್ನೂ ಎದುರುಬದುರು ನಿಲ್ಲಿಸಿ ಚಲನಚಿತ್ರ ತೆಗೆಯುವುದೆಂದು ಗೊತ್ತಾಯಿತು.

ಅದು ೧೯೬೯ನೆಯ ಇಸವಿ. ನಿಜವಾದ ಕಣಕ್ಕೆ ಪ್ರವೇಶವಿಲ್ಲದ ಅಲಿ ಚಿತ್ರಶಾಲೆಯ ಕಣಕ್ಕಿಳಿದ. ಹದಿಮೂರು ವರ್ಷ ಹಿಂದೆಯೇ ನಿವೃತ್ತನಾಗಿದ್ದ ಮಾರ್ಸಿಯಾನೋ ಸುಮಾರು ಇಪ್ಪತ್ತು ಕಿಲೋಗ್ರಾಂ ಮೈಯಿಳಿಸಿ, ಬೋಳಾಗುತ್ತಿದ್ದ ತಲೆಗೆ ಕೃತಕ ಕೂದಲು ಧರಿಸಿ ಬಂದ. ಒಂದೊಂದು ನಿಮಿಷದ ಎಪ್ಪತ್ತಕ್ಕೂ ಹೆಚ್ಚು ಸುತ್ತುಗಳನ್ನೂ ಬಗೆಬಗೆಯ ಅಂತ್ಯಗಳನ್ನೂ ಚಿತ್ರಿಸಿದರು. ಯಂತ್ರದ ತೀರ್ಪು ಯಾವುದೆಂಬುದು ಇಬ್ಬರಿಗೂ ಗೊತ್ತಿರಲಿಲ್ಲ. ಮಾರ್ಸಿಯಾನೋನಿಗೆ ಅದು ಎಂದಿಗೂ ತಿಳಿಯಲಿಲ್ಲ. ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, ಆಗಸ್ಟ್ ೩೧ರಂದು, ನಲವತ್ತಾರನೆಯ ಹುಟ್ಟುಹಬ್ಬದ ಹಿಂದಿನ ದಿನ, ಆತ ವಿಮಾನ ಅಪಘಾತದಲ್ಲಿ ಮಡಿದ. ೧೯೭೦ರ ಜನವರಿ ೨೦ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೋ ಹದಿಮೂರನೆಯ ಸುತ್ತಿನಲ್ಲಿ ಅಲಿಯನ್ನು ಕೆಡವಿದ. ಯೂರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿಯೇ ಗೆದ್ದ. ಯಂತ್ರಕ್ಕೂ ಪ್ರೇಕ್ಷಕರ ಮುಖ ನೋಡಿ ಮಾತಾಡುವ ವಿದ್ಯೆ ತಿಳಿದಿತ್ತೆಂದು ತೋರುತ್ತದೆ.

ಅಲಿಯ ಅನಂತರದವರ ವಿಷಯದಲ್ಲಿ ವಾದ ಅಷ್ಟು ಕಾವೇರುವುದಿಲ್ಲ. ಲ್ಯಾರಿ ಹೋಮ್ಸ್ ಏಳು ವರ್ಷ ಪಟ್ಟದಲ್ಲಿದ್ದು, ನಲವತ್ತೆಂಟು ಗೆಲುವುಗಳ ಬಳಿಕ ೧೯೮೫ರಲ್ಲಿ ಮೊದಲ ಸೋಲು ಕಂಡ. ಮಾರ್ಸಿಯಾನೋನ ಸಂಖ್ಯೆಗೆ ಒಂದೇ ಒಂದು ಕಡಮೆ. ಅಲಿಯ ನೆರಳಿನಲ್ಲಿ ಆಳಿದ್ದೇ ಅವನ ದುರದೃಷ್ಟ. ೧೯೮೬ರಲ್ಲಿ ಇಪ್ಪತ್ತು ವರ್ಷಕ್ಕೇ ಪಟ್ಟವೇರಿದ ಮೈಕ್ ಟೈಸನ್ ಮೂರು ನಾಲ್ಕು ವರ್ಷ ಎದುರಾಳಿಗಳಿಗೆ ನಿದ್ದೆಯಿಲ್ಲದಂತೆ ಮಾಡಿ, ೧೯೯೦ರಲ್ಲಿ ಟೋಕಿಯೋದಲ್ಲಿ ಬಸ್ಟರ್ ಡಗ್ಲಸ್ ಎಂಬ, ಯಾರೂ ಎಣಿಕೆಗೆ ತೆಗೆದುಕೊಳ್ಳದಿದ್ದವನಿಂದ ಕೆಡವಲ್ಪಟ್ಟ. ಉಕ್ರೇನಿನ ವ್ಲಾಡಿಮಿರ್ ಕ್ಲಿಚ್ಕೋ ೨೦೦೬ರಿಂದ ೨೦೧೫ರವರೆಗೆ ಆಳಿದನಾದರೂ, ಪಟ್ಟವೇ ಹಲವು ಸಂಸ್ಥೆಗಳ ನಡುವೆ ಹರಿದು ಹಂಚಿಹೋಗಿದ್ದ ಕಾಲ ಅದು. ಒಂದು ಪಾಲು ಅವನ ಅಣ್ಣನ ಬಳಿಯೇ ಇತ್ತು, ಅಣ್ಣತಮ್ಮಂದಿರು ಹೊಡೆದಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿದ್ದರು. ಆ ತುಂಡುಗಳನ್ನು ಮತ್ತೆ ಒಂದುಗೂಡಿಸಿದವನು ೨೦೨೪ರಲ್ಲಿ ಅದೇ ದೇಶದ ಅಲೆಕ್ಸಾಂಡರ್ ಉಸಿಕ್.

ಈ ವಾದಿಗಳ ನಡುವೆ ಬಹುಕಾಲ ಪೀಠಾಧಿಪತಿಯಂತಿದ್ದವನು ನ್ಯಾಟ್ ಫ್ಲೈಷರ್. ೧೯೨೨ರಲ್ಲಿ 'ದಿ ರಿಂಗ್' ಎಂಬ ಪತ್ರಿಕೆಯನ್ನು ಆರಂಭಿಸಿ, ೧೯೭೨ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿದ ಆತ ಹಳಬರನ್ನೂ ಹೊಸಬರನ್ನೂ ಕಣ್ಣಾರೆ ಕಂಡಿದ್ದ. ಆತ ಮೊದಲ ಸ್ಥಾನವನ್ನು ಕೊಟ್ಟದ್ದು ಲೂಯಿಸನಿಗೂ ಅಲ್ಲ, ಮಾರ್ಸಿಯಾನೋನಿಗೂ ಅಲ್ಲ. ಜಾಕ್ ಜಾನ್ಸನನಿಗೆ. ಲೂಯಿಸನಿಗೆ ನಗುವನ್ನು ನಿಷೇಧಿಸಿದ ಕಥೆ ಇವನದೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜಾನ್ ಎಲ್. ಸಲಿವನ್ ಪಟ್ಟದಲ್ಲಿದ್ದಾಗ ಕರಿಯರೊಡನೆ ಹೋರಾಡುವುದಿಲ್ಲವೆಂದು ಬಹಿರಂಗವಾಗಿ ಸಾರಿದ್ದ. ಪೀಟರ್ ಜಾಕ್ಸನ್ ಎಂಬ ಕರಿಯ ಜಟ್ಟಿ ೧೮೯೧ರಲ್ಲಿ ಜಿಮ್ ಕಾರ್ಬೆಟ್‌ನೊಡನೆ ಅರವತ್ತೊಂದು ಸುತ್ತು ಹೋರಾಡಿದರೂ ಸೋಲುಗೆಲುವು ಇತ್ಯರ್ಥವಾಗಲಿಲ್ಲ. ಮರುವರ್ಷ ಸಲಿವನ್ನನನ್ನು ಗೆದ್ದು ಪಟ್ಟಕ್ಕೇರಿದವನು ಆ ಕಾರ್ಬೆಟ್. ಜಾಕ್ಸನನಿಗೆ ಅವಕಾಶವೇ ಬರಲಿಲ್ಲ. ಜೆಫ್ರೀಸನೂ ಇದೇ ಗೆರೆಯನ್ನು ಎಳೆದುಕೊಂಡು ೧೯೦೫ರಲ್ಲಿ ಸೋಲರಿಯದೆ ನಿವೃತ್ತನಾದ. ಜಾನ್ಸನ್ ಆಗಿನ ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನುಹತ್ತಿ ಭೂಮಿಯನ್ನೇ ಸುತ್ತಿ, ೧೯೦೮ರ ಡಿಸೆಂಬರ್ ೨೬ರಂದು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಅವನನ್ನು ಹಿಡಿದು ಹಣ್ಣುಮಾಡಿದ. ಹದಿನಾಲ್ಕನೆಯ ಸುತ್ತಿನಲ್ಲಿ ಪೋಲೀಸರು ನಡುವೆ ಬಂದು ನಿಲ್ಲಿಸಬೇಕಾಯಿತು. ಪೆಟ್ಟು ಕೊಡುತ್ತ ಕೊಡುತ್ತಲೇ ಚಿನ್ನದ ಹಲ್ಲು ಕಾಣುವಂತೆ ನಗುವುದು, ಎದುರಾಳಿಯೊಡನೆ ಹರಟುವುದು ಜಾನ್ಸನನ ಚಾಳಿ. ಬಿಳಿಯರಿಗೆ ಅವನ ಗೆಲುವಿಗಿಂತ ಆ ನಗು ಹೆಚ್ಚು ನೋಯಿಸಿತು. ಆರು ವರ್ಷ ಬೇಸಾಯ ಮಾಡಿಕೊಂಡಿದ್ದ ಜೆಫ್ರೀಸನನ್ನು ಕಾಡಿ ಬೇಡಿ ಎಬ್ಬಿಸಿ ತಂದರು. ೧೯೧೦ರ ಜುಲೈ ೪ರಂದು ರೀನೋ ಪಟ್ಟಣದಲ್ಲಿ ಜಾನ್ಸನ್ ಅವನನ್ನೂ ಹದಿನೈದನೆಯ ಸುತ್ತಿನಲ್ಲಿ ಮುಗಿಸಿದ. ಆ ರಾತ್ರಿ ಅಮೆರಿಕದ ಹಲವಾರು ಊರುಗಳಲ್ಲಿ ಗಲಭೆಯೆದ್ದು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕರಿಯರು. ಕಣದಲ್ಲಿ ಗೆಲ್ಲಲಾರದವರು ೧೯೧೩ರಲ್ಲಿ ಒಂದು ಮೊಕದ್ದಮೆಯಲ್ಲಿ ಅವನನ್ನು ಅಪರಾಧಿಯನ್ನಾಗಿಸಿದರು. ದೇಶ ಬಿಟ್ಟು ಹೋದವನು ೧೯೧೫ರಲ್ಲಿ ಹವಾನಾದ ಬಿಸಿಲಿನಲ್ಲಿ ಇಪ್ಪತ್ತಾರನೆಯ ಸುತ್ತಿನಲ್ಲಿ ಜೆಸ್ ವಿಲರ್ಡ್‌ಗೆ ಸೋತ. ಅಮೆರಿಕದ ಅಧ್ಯಕ್ಷರು ಅವನಿಗೆ ಕ್ಷಮೆ ನೀಡಿದ್ದು ೨೦೧೮ರಲ್ಲಿ. ಆತ ಸತ್ತು ಎಪ್ಪತ್ತೆರಡು ವರ್ಷಗಳಾಗಿದ್ದವು.

ಅಲ್ಲಿಂದ ಲೂಯಿಸನವರೆಗೆ ಇಪ್ಪತ್ತೆರಡು ವರ್ಷ ಯಾವ ಕರಿಯ ಜಟ್ಟಿಗೂ ಪಟ್ಟಕ್ಕಾಗಿ ಹೋರಾಡುವ ಅವಕಾಶವೇ ದೊರೆಯಲಿಲ್ಲ. ಮಹಾಭಾರತ ಬಲ್ಲವರಿಗೆ ಇದು ಅಪರಿಚಿತ ದೃಶ್ಯವಲ್ಲ. ಅಸ್ತ್ರವಿದ್ಯೆಯ ಪ್ರದರ್ಶನದಲ್ಲಿ ಅರ್ಜುನನಿಗೆ ಸವಾಲು ಹಾಕಿ ರಂಗಕ್ಕಿಳಿದ ಕರ್ಣನನ್ನು ಕೃಪಾಚಾರ್ಯರು ಕೇಳಿದ್ದು ಬಿಲ್ಲಿನ ಮಾತನ್ನಲ್ಲ, ಕುಲದ ಮಾತನ್ನು. ಕರ್ಣನಿಗಾದರೂ ಅಲ್ಲೇ ಅಂಗರಾಜ್ಯ ಕೊಡಲು ಒಬ್ಬ ದುರ್ಯೋಧನನಿದ್ದ. ಹ್ಯಾರಿ ವಿಲ್ಸ್‌ನಿಗೆ ಅಂಥವರೂ ಇರಲಿಲ್ಲ. ಡೆಂಪ್ಸಿಯ ಏಳು ವರ್ಷದ ಆಳ್ವಿಕೆಯುದ್ದಕ್ಕೂ ಬಾಗಿಲಲ್ಲಿ ಕಾದು ನಿಂತವನು ವಿಲ್ಸ್. ೧೯೨೫ರಲ್ಲಿ ಇಬ್ಬರೂ ಒಪ್ಪಂದಕ್ಕೆ ಸಹಿಯನ್ನೂ ಹಾಕಿದರು. ಪಂದ್ಯ ಮಾತ್ರ ನಡೆಯಲಿಲ್ಲ. ಡೆಂಪ್ಸಿಯ ಪರವಾಗಿ ವಾದಿಸುವವರು ಈ ಹೆಸರು ಬಂದಾಗ ಸ್ವಲ್ಪ ತಡವರಿಸುತ್ತಾರೆ. ತಪ್ಪು ಡೆಂಪ್ಸಿಯೊಬ್ಬನದೇ ಎನ್ನಲಾಗದು. ರೀನೋದ ಗಲಭೆಗಳನ್ನು ನೆನೆದ ವ್ಯವಸ್ಥಾಪಕರೂ ಅಧಿಕಾರಿಗಳೂ ಆ ಪಂದ್ಯವನ್ನು ಬಯಸಲಿಲ್ಲ. ಕಾರಣ ಯಾರೇ ಆಗಲಿ, ಏಳು ವರ್ಷ ಅಜೇಯ ಎಂಬ ಮಾತಿನೊಳಗೆ ಆಡದೆ ಬಿಟ್ಟ ಒಂದು ಪಂದ್ಯ ಅಡಗಿದೆ. ಹದಿನಾರು ಚಾಂಪಿಯನ್ನರ ಅಂಕಗಳನ್ನು ಉಂಡ ವೊರೋನರನ ಯಂತ್ರಕ್ಕೆ ವಿಲ್ಸ್‌ನ ಹೆಸರನ್ನು ಯಾರೂ ಉಣಿಸಲಿಲ್ಲ. ಪಟ್ಟವೇರದವನು ಅದರ ಪಟ್ಟಿಯಲ್ಲಿರುವುದು ಹೇಗೆ?

ವಿಲ್ಸ್‌ಗಿಂತ ಹಿರಿಯ ಸ್ಯಾಮ್ ಲ್ಯಾಂಗ್‌ಫರ್ಡ್. ಕೆನಡದ ನೋವಾ ಸ್ಕೋಷಿಯಾದಲ್ಲಿ ಹುಟ್ಟಿದವನು. ಎತ್ತರ ಐದು ಅಡಿ ಏಳು ಅಂಗುಲದ ಆಸುಪಾಸು. ತನಗಿಂತ ತಲೆಯೆತ್ತರದವರನ್ನು ಹೊಡೆದು ಮಲಗಿಸುತ್ತಿದ್ದ. ೧೯೦೬ರಲ್ಲಿ ಜಾನ್ಸನ್ ಅವನನ್ನು ಹದಿನೈದು ಸುತ್ತುಗಳಲ್ಲಿ ಸೋಲಿಸಿದ್ದ. ಆಗ ಲ್ಯಾಂಗ್‌ಫರ್ಡ್ ಅವನಿಗಿಂತ ಬಹಳ ಹಗುರಾಗಿದ್ದ. ಮುಂದೆ ಮೈಕಟ್ಟು ತುಂಬಿಕೊಂಡ ಲ್ಯಾಂಗ್‌ಫರ್ಡ್ ವರ್ಷವರ್ಷವೂ ಸವಾಲೆಸೆದರೂ, ಪಟ್ಟಕ್ಕೇರಿದ ಜಾನ್ಸನ್ ಅವನಿಗೆ ಮತ್ತೆ ಅವಕಾಶ ಕೊಡಲಿಲ್ಲ. ತಾನು ದಾಟಿ ಬಂದ ಬಾಗಿಲನ್ನು ಆತ ಹಿಂದೆ ಉಳಿದವನಿಗೆ ತೆರೆದಿಡಲಿಲ್ಲವೆಂಬುದು ಜಾನ್ಸನನ ಅಭಿಮಾನಿಗಳು ನುಂಗಬೇಕಾದ ಕಹಿ. ಬಿಳಿಯರು ಒಲ್ಲದ ಕರಿಯ ಜಟ್ಟಿಗಳು ಹೊಟ್ಟೆಪಾಡಿಗಾಗಿ ತಮ್ಮ ತಮ್ಮೊಳಗೇ ಮತ್ತೆ ಮತ್ತೆ ಹೊಡೆದಾಡಬೇಕಾಯಿತು. ಲ್ಯಾಂಗ್‌ಫರ್ಡ್ ಮತ್ತು ವಿಲ್ಸ್ ಹದಿನೈದಕ್ಕೂ ಹೆಚ್ಚು ಬಾರಿ ಎದುರುಬದುರಾದರು. ಅಷ್ಟು ಪೆಟ್ಟುಗಳಿಗೆ ಲ್ಯಾಂಗ್‌ಫರ್ಡ್‌ನ ಕಣ್ಣುಗಳು ಬಲಿಯಾದವು. ಒಂದು ಕಣ್ಣು ಹೋದ ಮೇಲೂ, ಇನ್ನೊಂದು ಮಬ್ಬಾದ ಮೇಲೂ ಆಡಿದ. ಎದುರಾಳಿಯನ್ನು ಕಾಣಲಾರದೆ ಮೈಗೆ ಮೈ ತಾಗಿಸಿ ನಿಂತು ಹೊಡೆಯುತ್ತಿದ್ದನಂತೆ.

೧೯೪೪ರಲ್ಲಿ ಅಲ್ ಲೇನಿ ಎಂಬ ಪತ್ರಿಕಾವರದಿಗಾರ ಲ್ಯಾಂಗ್‌ಫರ್ಡ್‌ನನ್ನು ಹುಡುಕಿಕೊಂಡು ಹಾರ್ಲೆಮ್‌ನಲ್ಲಿ ಅಲೆದ. ಕೇಳಿದವರಲ್ಲಿ ಅನೇಕರು ಅವನು ಎಂದೋ ಸತ್ತನೆಂದರು. ಕಡೆಗೆ ಒಂದು ಸಣ್ಣ ಕತ್ತಲ ಕೋಣೆಯಲ್ಲಿ, ಪೂರ್ತಿ ಕುರುಡನಾಗಿ, ಕೈಯಲ್ಲಿ ಕಾಸಿಲ್ಲದೆ ಆತ ಸಿಕ್ಕಿದ. ಯಾರನ್ನೂ ದೂರದೆ, ಹಳೆಯ ಪಂದ್ಯಗಳನ್ನು ನಗುನಗುತ್ತ ಹೇಳಿದ. ಲೇನಿ ಬರೆದದ್ದನ್ನು ಓದಿದ ಜನ ಹಣ ಕೂಡಿಸಿ ಅವನ ಕೊನೆಗಾಲಕ್ಕೆ ಒಂದು ನಿಧಿ ಮಾಡಿದರು. ೧೯೫೬ರ ಜನವರಿಯಲ್ಲಿ ಆತ ತೀರಿಕೊಂಡ.

ಇಂದು ಜಗಜಟ್ಟಿಗಳ ಪಟ್ಟಿ ಮಾಡುವ ಅಭಿಮಾನಿಗಳು, ಎಂದೂ ಪಟ್ಟ ಕಾಣದ ಈ ಕುಳ್ಳನನ್ನು ಡೆಂಪ್ಸಿಯ ಎದುರು ನಿಲ್ಲಿಸಿ, ಯಾರು ಗೆಲ್ಲುತ್ತಿದ್ದರೆಂದು ವಾದಿಸುತ್ತಾರೆ. ಆ ಒಂದು ಪಂದ್ಯದ ಬಗ್ಗೆ ಮಾತ್ರ ಡೆಂಪ್ಸಿಯದೇ ಹೇಳಿಕೆಯುಂಟು. ಯಾರಿಗೂ ಹೆದರದವನೆಂದು ಜನ ಹೇಳುತ್ತಿದ್ದುದನ್ನು ಅಲ್ಲಗಳೆದು, ಆತ ತನ್ನ ಆತ್ಮಕಥೆಯಲ್ಲಿ, ತನಗಿಂತಲೂ ಗಿಡ್ಡನಾದ ಒಬ್ಬ ಮನುಷ್ಯನಿಗೆ ತಾನು ಹೆದರಿದ್ದೆನೆಂದೂ, ಅವನು ತನ್ನನ್ನು ನೆಲಕ್ಕೆ ಮಲಗಿಸುತ್ತಿದ್ದನೆಂದು ಬಲ್ಲವನಾಗಿಯೇ ಅವನೊಡನೆ ಹೋರಾಡಲಿಲ್ಲವೆಂದೂ ಬರೆದ; ಸ್ಯಾಮ್ ಲ್ಯಾಂಗ್‌ಫರ್ಡ್ ಎಂದು ಹೆಸರನ್ನೂ ಹೇಳಿದ.